ಎರಡು ಬೆರಳು ನೀಲಿ

ಹೇಳಬೇಕು ಹೇಳಬೇಕು ಎಂದುಕೊಂಡೇ ಇದನ್ನು ಮುಂದಕ್ಕೆ ಹಾಕುತ್ತ ಬಂದವನು ನಾನು. ಅಂಗಡಿ ಇದ್ದಾಗ ಅಂಗಡಿಯ ನೆಪ. ಅಂಗಡಿ ಮುಚ್ಚಿದ ಮೇಲೆ ಮಂಡಿನೋವಿನ ನೆಪ. ಎಣ್ಣೆ ಹಚ್ಚಿಸಿಕೊಂಡು ಮಂಡಿ ಸುಮ್ಮನಾದ ಮೇಲೆ ಕನ್ನಡಕದ ನೆಪ. ಹೋದ ತಿಂಗಳು ಹೊಸ ಕನ್ನಡಕವೂ ಬಂತು. ಈಗ ನನ್ನ ಹತ್ತಿರ ನೆಪ ಯಾವುದೂ ಉಳಿದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಹೊಸೂರಿನ ಬಜಾರಿನಲ್ಲಿ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಫ್ರೇಮು ಕಟ್ಟಿದವನು ನಾನು. ಈಗ ಅವಲಪಲ್ಲಿಯಲ್ಲಿ ಮಗನ ಮನೆಯಲ್ಲಿದ್ದೇನೆ. ಈ ಸುತ್ತಿನಲ್ಲಿ ನಿಮ್ಮ ಮನೆಯಿದ್ದು, ದೇವರ ಗೂಡಿನಲ್ಲಿ ಹಳೆಯ ಪಟವೊಂದಿದ್ದು, ಅದರ ಹಿಂದಿನ ಮೊಳೆಗಳೆಲ್ಲ ಎಡಕ್ಕೆ ವಾಲಿಕೊಂಡಿದ್ದರೆ ಅದು ನನ್ನದೇ ಕೆಲಸ. ಮೊಳೆಯನ್ನು ನೇರವಾಗಿ ಹೊಡೆಯುವುದು ನನಗೆ ಕೊನೆಯವರೆಗೂ ಬರಲಿಲ್ಲ. ಗಾಜು ಕೊಯ್ಯುವುದು ಮಾತ್ರ ಬಂತು. ವಜ್ರದ ಮೊನೆ ಒಮ್ಮೆ ಗೀರಿದರೆ ಸಾಕು, ಹಪ್ಪಳ ಮುರಿದಂತೆ ಎರಡು ಹೋಳು. ಆ ಸದ್ದು ಈಗಲೂ ಕೇಳಬೇಕೆನಿಸುತ್ತದೆ.

ಅಂಗಡಿ ನನ್ನ ಸೋದರಮಾವನದು. ಎಸ್ಸೆಸ್ಸೆಲ್ಸಿ ಮುಗಿಸಿ ಅಲ್ಲಿ ಸೇರಿದೆ. ಒಳಗೆ ಕಾಲಿಟ್ಟರೆ ಮರ ಅಂಟಿಸುವ ಸರೇಸು ಕುದಿಯುವ ವಾಸನೆ. ಮೈದಾ ಅಂಟಿಗೆ ಹುಳು ಬೀಳದಿರಲಿ ಎಂದು ಮೈಲುತುತ್ತ ಬೆರೆಸುತ್ತಿದ್ದರು. ಅದರಿಂದ ನಮ್ಮ ಉಗುರುಗಳಿಗೆಲ್ಲ ತಿಳಿ ಹಸಿರು. ಮದುವೆ ಮನೆಗೆ ಹೋದರೆ ಊಟಕ್ಕೆ ಕೂತಾಗ ಪಕ್ಕದವರು ಒಂದು ಗೇಣು ಸರಿದು ಕೂರುತ್ತಿದ್ದರು.

ಆಗಿನ ಮನೆಗಳಲ್ಲಿ ದೇವರು ಬರುತ್ತಿದ್ದದ್ದು ಕ್ಯಾಲೆಂಡರಿನ ಮೂಲಕ. ಹೊಸ ವರ್ಷ ಹುಟ್ಟಿ ಹದಿನೈದು ದಿನ ಕಳೆದರೆ ಹಳೆಯ ಕ್ಯಾಲೆಂಡರುಗಳು ಸುರುಳಿ ಸುರುಳಿಯಾಗಿ ಅಂಗಡಿಗೆ ಬಂದು ಬೀಳುತ್ತಿದ್ದವು. ಜವಳಗಿರಿಯ ಕಡೆಯ ರೈತರೊಬ್ಬರು ಒಮ್ಮೆ ಬರೀ ಆನೆಯ ಚಿತ್ರವಿದ್ದ ಕ್ಯಾಲೆಂಡರು ತಂದರು. ಗಣಪತಿಯಲ್ಲ, ಕಾಡಾನೆ.

"ಇದುಕ್ಕೂ ಫ್ರೇಮ್ ಹಾಕ್ಬೇಕಾ ಗೌಡ್ರೇ?" ಎಂದೆ.

"ಹಾಕಪ್ಪ. ಹೊಲಕ್ಕೆ ಬರೋನ್ನ ಕಟ್ಟಾಕಕ್ಕೆ ಆಗ್ಲಿಲ್ಲ. ಗ್ವಾಡೆ ಮ್ಯಾಲಾದ್ರೂ ಒಂದ್ನ ಕಟ್ಟಾಕಾವ" ಎಂದರು.

ಈ ಕ್ಯಾಲೆಂಡರುಗಳಲ್ಲಿ ದೇವರ ಪಾದದ ಕೆಳಗೆ ಒಂದು ಪಟ್ಟಿಯಿರುತ್ತಿತ್ತು. ಅದರಲ್ಲಿ ಬಟ್ಟೆ ಅಂಗಡಿಯ ಹೆಸರೋ, ಬೀಡಿ ಕಂಪನಿಯ ಹೆಸರೋ. ಮಾವ ನನಗೆ ಕಲಿಸಿದ ಮೊದಲ ಪಾಠವೇ ಅದು.

"ಮೊದ್ಲು ಕೆಳಗ್ಳ ಹೆಸ್ರು ಕತ್ತರಿಸ್ಲಾ. ಬೀಡಿ ಕಂಪ್ನಿಗೆ ಮಂಗ್ಳಾರ್ತಿ ಎತ್ತಕ್ಕಾತದಾ?"

ಯಾವ ಪಟ ಬರಲಿ, ಎರಡು ಬೆರಳು ಅಗಲ ಅಳೆದು ಕೆಳಗಿನ ಪಟ್ಟಿಯನ್ನು ಕತ್ತರಿಸುವುದು. ದೇವರು ಉಳಿಯಬೇಕು, ಹೆಸರು ಹೋಗಬೇಕು. ಕೈಗೆ ಅದು ಎಷ್ಟು ಅಂಟಿಕೊಂಡಿತೆಂದರೆ, ಒಂದು ದಿನ ನನ್ನ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟಿಗೇ ಚೆಂದದ ಫ್ರೇಮು ಹಾಕೋಣವೆಂದು ಕೂತೆ. ಕೆಲಸ ಮುಗಿಸಿ ಗೋಡೆಗೆ ತೂಗುಹಾಕಿ ಎರಡು ಹೆಜ್ಜೆ ಹಿಂದೆ ಬಂದು ನೋಡಿದರೆ, ಕೆಳಗಿದ್ದ ಸಹಿಯೂ ಇಲ್ಲ, ಮೊಹರೂ ಇಲ್ಲ. ಅಂಚೆ ಕಚೇರಿಯ ಕೆಲಸವೊಂದಕ್ಕೆ ಅದನ್ನೇ ತೆಗೆದುಕೊಂಡು ಹೋದಾಗ ಅಲ್ಲಿಯವರು ಹಿಂದೆ ಮುಂದೆ ತಿರುಗಿಸಿ ನೋಡಿ, "ಯಾರ್ರೀ ನಿಮ್ಮನ್ನ ಪಾಸ್ ಮಾಡಿದ್ದು?" ಎಂದು ಕೇಳಿದರು. ಹೀಗೆ ನಾನು ಫ್ರೇಮಿನ ಅಂಗಡಿಯಲ್ಲೇ ಉಳಿದೆ.

ಇಷ್ಟು ಹೇಳಿದ್ದು ನೀವು ನಗಲಿ ಎಂದು. ಈಗ ಹೇಳುವುದರಲ್ಲಿ ನಗು ಕಡಿಮೆ.

ನನಗಾಗ ಇಪ್ಪತ್ತರ ಆಸುಪಾಸು. ಒಂದು ಸೋಮವಾರ ಬಾಗಲೂರಿನ ಬಸ್ಸಿಳಿದು ಟೀಚರಮ್ಮ ಒಬ್ಬರು ಅಂಗಡಿಗೆ ಬಂದರು. ಹೊಸೂರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದವರು. ಎಲ್ಲರೂ ಅವರನ್ನು ಟೀಚರಮ್ಮ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ. ಹೆಸರಿಗೆ ಆಮೇಲೆ ಬರುತ್ತೇನೆ. ನಮ್ಮ ಕಸುಬಿನಲ್ಲಿ ಹೆಸರಿನ ಜಾಗ ಕೆಳಗಡೆ.

ಎರಡು ರಟ್ಟಿನ ಹಲಗೆಗಳ ನಡುವೆ ಇಟ್ಟು ಸೆಣಬಿನ ದಾರದಲ್ಲಿ ಕಟ್ಟಿದ್ದ ಚಿತ್ರವೊಂದನ್ನು ಅವರು ಮೇಜಿನ ಮೇಲೆ ಬಿಚ್ಚಿದರು. ದಪ್ಪ ಕಾಗದ. ಮೇಲಿಂದ ಕೆಳಗಿನವರೆಗೂ ಕೆಂಪು. ಒಂದೇ ಕೆಂಪಲ್ಲ, ಒಣಗಿದ ಕೆಂಪು, ಒದ್ದೆ ಕೆಂಪು, ಸುಟ್ಟ ಇಟ್ಟಿಗೆಯ ಕೆಂಪು. ನಡುವೆ ಓರೆಯಾಗಿ ಹಾದುಹೋದ ಒಂದು ಕಪ್ಪು ಪಟ್ಟೆ. ಅದರ ಒಂದು ಪಕ್ಕದಲ್ಲಿ ಸಣ್ಣ ಸಣ್ಣ ಹಳದಿ ಚೌಕಗಳು ಗುಂಪುಗೂಡಿಕೊಂಡು ಕೆಳಗೆ ಇಳಿಯುತ್ತಿದ್ದವು. ಎಲ್ಲಕ್ಕೂ ಕೆಳಗೆ, ಅಂಚಿನಲ್ಲಿ, ಎರಡು ಬೆರಳು ಅಗಲದ ನೀಲಿ. ಆ ನೀಲಿಯೊಳಗೆ ಬಿಳಿಯ ಸಣ್ಣ ಅಕ್ಷರದಲ್ಲಿ ಅವರ ಹೆಸರು.

ಮಾವ ತಲೆ ಓರೆ ಮಾಡಿ ನೋಡಿದ. "ಏನ್ ಟೀಚರಮ್ಮ ಇದು? ರಾಗಿ ಹೊಲವಾ?"

"ಅಲ್ಲ."

"ಬೆಂಕಿ ಬಿದ್ದಿರೋ ಬಣವೆ?"

"ಅಲ್ಲ ಕಣಣ್ಣ."

"ಮತ್ತೇನು?"

"ಏನೂ ಅಲ್ಲ. ನೋಡೋದುಕ್ಕೆ."

ಮಾವನಿಗೆ ಅವರ ಮೇಲೆ ಗೌರವ. ನಗಲಿಲ್ಲ. ಒಂದು ಸ್ಟೂಲು ಎಳೆದು ಕೂರಿಸಿದ. ಅವರೇ ಹೇಳಿದರು: ಡ್ರಾಯಿಂಗ್ ಪರೀಕ್ಷೆ ಕಟ್ಟಲು ಮದರಾಸಿಗೆ ಹೋಗಿದ್ದಾಗ ಅಲ್ಲೊಂದು ಪ್ರದರ್ಶನ ನೋಡಿದರಂತೆ. "ಒಂದ್ ಚಿತ್ರದ ಮುಂದೆ ಅರ್ಧ ದಿನ ಕೂತಿದ್ದೆ. ಅದ್ರಲ್ಲಿ ಮರ ಇಲ್ಲ, ಮನುಷ್ಯ ಇಲ್ಲ, ಏನೂ ಇಲ್ಲ. ಎದ್ದು ಬರಾಕೆ ಮನ್ಸೇ ಆಗ್ಲಿಲ್ಲ." ಅಂದಿನಿಂದ ತಾವೂ ಹಾಗೆ ಬರೆಯಲು ಹೊರಟರು. ಈ ಕೆಂಪು ಅಂಗಡಿಯ ಬಣ್ಣವಲ್ಲ. ಬಾಗಲೂರಿನ ಕೆಮ್ಮಣ್ಣನ್ನು ಹಳೆಯ ಸೀರೆಯಲ್ಲಿ ಸೋಸಿ, ಸರೇಸು ಬೆರೆಸಿ ಮಾಡಿದ್ದು. ಹಳದಿಯೂ ಕಪ್ಪೂ ಮನೆಯವೇ. ನೀಲಿಯೊಂದನ್ನು ಮಾತ್ರ ಮಣ್ಣಿನಿಂದ ತೆಗೆಯಲಾಗಲಿಲ್ಲ. ಅದಕ್ಕೆ ಮದರಾಸಿಗೆ ಕಾಗದ ಬರೆದು, ಒಂದು ಸಣ್ಣ ಟ್ಯೂಬಿಗಾಗಿ ಎರಡು ತಿಂಗಳು ಕಾದರು. ಈ ಚಿತ್ರವನ್ನು ಈಗ ಅಲ್ಲಿಯ ಪ್ರದರ್ಶನಕ್ಕೆ ಕಳಿಸಬೇಕು. ಶನಿವಾರದೊಳಗೆ ಫ್ರೇಮಾಗಬೇಕು.

ಹೊರಡುವಾಗ ನನ್ನ ಕಡೆ ತಿರುಗಿ ಹೇಳಿದರು: "ಅಂಚು ಮುಟ್ಬೇಡಪ್ಪ. ಆ ನೀಲಿ ಪೂರ್ತಿ ಕಾಣ್ಲಿ. ಮೇಲ್ಗಡೆ ಅಷ್ಟೂ ಕೆಂಪು ಬರ್ದಿರೋದೇ ಆ ನೀಲಿಗೋಸ್ಕರ."

"ಆಯ್ತು ಟೀಚರಮ್ಮ" ಎಂದೆ. ಎಷ್ಟು ಸುಲಭವಾಗಿ ಎಂದೆ.

ಶುಕ್ರವಾರ ಮಧ್ಯಾಹ್ನ ಮಾವ ಕೃಷ್ಣಗಿರಿಗೆ ಹೋಗಿದ್ದ. ನಾನು ಚಿತ್ರ ತೆಗೆದು ಗಾಜು ಅಳೆದೆ. ಅಂಗಡಿಯಲ್ಲಿದ್ದ ಗಾಜು ಎರಡು ಬೆರಳು ಸಾಲಲಿಲ್ಲ. ದೊಡ್ಡ ಗಾಜು ಬೇಕೆಂದರೆ ಬೆಂಗಳೂರಿನಿಂದ ಬರಬೇಕು, ಮುಂದಿನ ವಾರವೇ ಸರಿ. ನಾನು ಸ್ಕೇಲು ಇಟ್ಟೆ, ಚಾಕು ಎಳೆದೆ. ಎಡ ಮೂಲೆಯಲ್ಲಿ ಕಾಗದದ ಗಂಟಿಗೆ ಸಿಕ್ಕಿ ಚಾಕು ಒಂದು ಸಲ ಜಿಗಿಯಿತು. ಅಲ್ಲೊಂದು ಸಣ್ಣ ಕಚ್ಚು ಬಿತ್ತು. ಉಳಿದದ್ದೆಲ್ಲ ನೇರ.

ಕೈಯ ಚಾಳಿ, ಹೆಸರು ಕಂಡಲ್ಲಿ ಕತ್ತರಿಸಿಬಿಟ್ಟೆ ಎಂದು ನನಗೆ ನಾನೇ ಬಹಳ ವರ್ಷ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ಚಾಕು ಇಡುವ ಮೊದಲು ನನಗೆ ಅವರ ಮಾತು ನೆನಪಾಗಿತ್ತು. ಏನೂ ಅಲ್ಲದ ಚಿತ್ರದಲ್ಲಿ ಎರಡು ಬೆರಳು ಹೋದರೆ ಯಾರಿಗೆ ತಿಳಿಯುತ್ತದೆ ಎಂದುಕೊಂಡೆ. ಲಕ್ಷ್ಮಿಯ ಪಟವಾಗಿದ್ದರೆ ಪಾದ ಕತ್ತರಿಸುತ್ತಿದ್ದೆನೇ?

ನಮ್ಮಲ್ಲಿ ಕತ್ತರಿಸಿದ ಚೂರನ್ನು ಎಸೆಯುವ ರೂಢಿಯಿಲ್ಲ. ಪಟ ಫ್ರೇಮಿನಲ್ಲಿ ಸಡಿಲವಾಗಿದ್ದರೆ ಹಿಂದಿನ ಹಲಗೆಗೂ ಪಟಕ್ಕೂ ನಡುವೆ ದಪ್ಪ ಕಾಗದದ ಪಟ್ಟಿ ತುರುಕಬೇಕು. ಅಂದು ನಮ್ಮ ಅಮ್ಮನಿಗೆಂದು ಲಕ್ಷ್ಮಿಯ ಪಟವೊಂದನ್ನು ಕಟ್ಟುತ್ತಿದ್ದೆ. ಆ ನೀಲಿ ಪಟ್ಟಿ ಅದರ ಹಿಂದೆ ಅಳತೆ ಮಾಡಿದಂತೆ ಕೂತಿತು. ಮೇಲೆ ಹಲಗೆ ಇಟ್ಟು ಮೊಳೆ ಹೊಡೆದೆ. ಎಡಕ್ಕೆ ವಾಲಿದ ಮೊಳೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿಕೊಂಡು ಟೀಚರಮ್ಮ ಬಂದರು. ಪಕ್ಕದ ಬಟ್ಟೆ ಅಂಗಡಿಯ ಮುದಲಿಯಾರರು ನಮ್ಮ ಅಂಗಡಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದರು. ಮಾವ ಒಳಗೆ ಸರೇಸು ಕಲಕುತ್ತಿದ್ದ. ನಾನು ಫ್ರೇಮನ್ನು ಒರೆಸಿ ಅವರ ಮುಂದೆ ನಿಲ್ಲಿಸಿದೆ. ಅವರು ಬಹಳ ಹೊತ್ತು ನೋಡಿದರು.

"ಆ ನೀಲಿ ಎಲ್ಲಪ್ಪಾ?"

"ಯಾವ್ ನೀಲಿ ಟೀಚರಮ್ಮ?"

"ಕೆಳಗಡೆ. ಎರಡ್ ಬೆಳ್ಳು."

ತಪ್ಪಾಯಿತು ಎನ್ನಲು ಅದೇ ಹೊತ್ತು. ಬಾಯಿ ಬೇರೆಯದನ್ನೇ ಹೇಳಿತು. "ನೀಲಿ ಗೀಲಿ ಏನೂ ಇರ್ಲಿಲ್ವಲ್ಲ. ನೀವು ತಂದಂಗೇ ಐತೆ."

ಮುದಲಿಯಾರರು ಲೋಟ ಕೆಳಗಿಟ್ಟು ಬಗ್ಗಿ ನೋಡಿದರು. "ಎನ್ನಮ್ಮಾ, ಸಿಗಪ್ಪು ನಲ್ಲಾತ್ತಾನೇ ಇರುಕ್ಕು! ಕೆಂಪು ಚೆನ್ನಾಗೇ ಐತಲ್ಲ, ನೀಲಿ ಯಾತಕ್ಕೆ?" ಎಂದು ನಕ್ಕರು. ನಾನೂ ನಕ್ಕೆ. ನಕ್ಕು ಇನ್ನೊಂದು ಮಾತು ಸೇರಿಸಿದೆ: "ಅಲ್ವಾ ಸಾರ್? ಇದ್ರಾಗೆ ತಲೆ ಯಾವ್ದು ಕಾಲ್ ಯಾವ್ದು ಅಂತ ಯಾರಿಗ್ ಗೊತ್ತಾತದೆ?"

ಟೀಚರಮ್ಮ ಜಗಳವಾಡಲಿಲ್ಲ. ತಮ್ಮ ಬಲಗೈ ಎತ್ತಿ ಹೆಬ್ಬೆರಳಿನ ಉಗುರು ನೋಡಿಕೊಂಡರು. ಉಗುರಿನ ಸಂದಿಯಲ್ಲಿ ನೀಲಿ ಇತ್ತು. ನಾನು ಕಂಡೆ. ನಾನು ಕಂಡದ್ದನ್ನು ಅವರೂ ಕಂಡರು. ಚಿತ್ರವನ್ನು ಎದೆಗವುಚಿಕೊಂಡು ಹೊರಟುಹೋದರು.

ಮಾವ ಒಳಗಿನಿಂದ ಬಂದ. "ಏನ್ಲಾ ಮಾಡ್ದೆ?"

"ಏನಿಲ್ಲ ಮಾವ."

"ನಾನೂ ನೋಡಿದ್ನಲ್ಲೋ ಆ ನೀಲೀನ. ಎಲ್ಲಾಕ್ದೆ? ಹುಡುಕ್ಕೊಂಡು ಬಸ್‌ಸ್ಟಾಂಡಿಗೆ ಓಡು. ಬಾಗ್ಲೂರ್ ಬಸ್ಸು ಇನ್ನೂ ಹೊಂಟಿರಾಕಿಲ್ಲ. ಕಾಲ್ ಇಡ್ಕೊಂಡು ಕೊಟ್ಬುಟ್ ಬಾ."

"ನಾಳಿಕ್ಕೆ ಹೋಯ್ತೀನಿ ಮಾವ."

ಆ ನಾಳೆ ಬರಲಿಲ್ಲ. ಟೀಚರಮ್ಮ ಚಿತ್ರವನ್ನು ಮದರಾಸಿಗೆ ಕಳಿಸಲಿಲ್ಲವೆಂದು ಆಮೇಲೆ ಕೇಳಿದೆ. ಶಾಲೆಗೇ ಕೊಟ್ಟುಬಿಟ್ಟರಂತೆ. ಹೆಡ್‌ಮಾಸ್ಟರ ಕೋಣೆಯಲ್ಲಿ ಅದನ್ನು ತೂಗುಹಾಕಿದರಂತೆ. ಅವರು ಮತ್ತೆ ಅಂಥ ಚಿತ್ರ ಬರೆದರೋ ಇಲ್ಲವೋ ನನಗೆ ತಿಳಿಯದು. ನಮ್ಮ ಅಂಗಡಿಗಂತೂ ಮತ್ತೆ ತರಲಿಲ್ಲ.

ಅತ್ತ ನಮ್ಮ ಮನೆಯಲ್ಲಿ ಲಕ್ಷ್ಮಿಗೆ ದಿನವೂ ದೀಪ. ಅಮ್ಮ ಹಚ್ಚಿದಳು, ಆಮೇಲೆ ನನ್ನ ಹೆಂಡತಿ ಹಚ್ಚಿದಳು, ಈಗ ಸೊಸೆ ಹಚ್ಚುತ್ತಾಳೆ. ಪಟ್ಟಿ ಹಿಂದಿರುವುದು ಮರೆತುಹೋಗಿತ್ತು ಎಂದರೆ ಸುಳ್ಳಾಗುತ್ತದೆ. ಆಯುಧಪೂಜೆಗೆ ಪ್ರತಿ ವರ್ಷವೂ ಆ ಪಟವನ್ನು ಇಳಿಸಿ ಒರೆಸುವವನು ನಾನೇ. ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಭಕ್ತಿ ಎಂದು ಮನೆಯವರು ತಿಳಿದರು.

ಅವರನ್ನು ಮತ್ತೆ ಒಂದೇ ಒಂದು ಸಲ ಎದುರಿಗೆ ಕಂಡೆ. ಇಪ್ಪತ್ತು ವರ್ಷವಾದರೂ ಕಳೆದಿತ್ತು. ಬಸ್‌ಸ್ಟಾಂಡಿನಲ್ಲಿ, ಕೈಯಲ್ಲೊಂದು ಕ್ರೋಟನ್ ಸಸಿ ಹಿಡಿದು ನಿಂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಅಂಗ್ಡಿ ಎಂಗ್ ನಡೀತೈತಪ್ಪಾ?"

"ನಡೀತೈತೆ ಟೀಚರಮ್ಮ."

ಸಸಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. ಆಮೇಲೆ, ಕೋಪವಿಲ್ಲದೆ, ವಿಳಾಸ ಕೇಳುವವರಂತೆ ಕೇಳಿದರು: "ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಆ ಚಿತ್ರದಾಗೆ ಕೆಳಗೆ ನೀಲಿ ಇತ್ತಲ್ವಾ? ನಿಜ್ವಾಗ್ಲೂ ಹಾಕಿದ್ನೋ, ಹಾಕ್ದೆ ಅಂತ ಅನ್ಕೊಂಡ್ನೋ, ಈಗೀಗ ನಂಗೇ ಅನ್ಮಾನ ಬತ್ತದೆ."

ಇತ್ತು ಎನ್ನುವುದು ಎರಡಕ್ಷರದ ಮಾತು. ನಾನು ರಸ್ತೆಯ ಕಡೆ ನೋಡಿ, "ಬಸ್ ಬಂತು ಟೀಚರಮ್ಮ" ಎಂದೆ.

ಕಾಗದ ಕತ್ತರಿಸಿದ್ದು ಇಪ್ಪತ್ತರ ಹುಡುಗಾಟ ಎಂದು ಬೇಕಾದರೆ ಬಿಡಬಹುದು. ಈ ಮಾತಿಗೆ ಅಂಥ ರಿಯಾಯಿತಿ ಇಲ್ಲ. ನಲವತ್ತು ದಾಟಿದವನು, ಎರಡು ಮಕ್ಕಳ ತಂದೆ, ಬುದ್ಧಿ ನೆಟ್ಟಗಿದ್ದಾಗಲೇ ಆಡಿದ ಮಾತು.

ಅವರು ತೀರಿಕೊಂಡಾಗ ಫೋಟೊಗೆ ಫ್ರೇಮು ಹಾಕಿಸಲು ಅವರ ತಮ್ಮನ ಮಗ ನನ್ನ ಅಂಗಡಿಗೇ ಬಂದ. ನಾನು ಅಂಚು ಮುಟ್ಟಲಿಲ್ಲ. ಸುತ್ತಲೂ ನಾಲ್ಕು ಬೆರಳು ಬಿಳಿ ಬಿಟ್ಟು ದೊಡ್ಡ ಗಾಜು ಹಾಕಿದೆ. "ಏನ್ ಸಾರ್, ಇಷ್ಟ್ ಸಣ್ ಫೋಟೋಗೆ ಇಷ್ಟ್ ದೊಡ್ ಗಾಜು!" ಎಂದ. "ಇರ್ಲಿ ಕಣಪ್ಪ" ಎಂದೆ. ಅದನ್ನು ಕ್ಷಮೆ ಎಂದು ಲೆಕ್ಕ ಹಿಡಿಯಬೇಡಿ. ಸತ್ತವರ ಫೋಟೊಗೆ ದೊಡ್ಡ ಗಾಜು ಹಾಕುವುದು ಸುಲಭ.

ಈಗ ಈ ಮಳೆಗಾಲದ ಮಾತು. ನನ್ನ ಮೊಮ್ಮಗಳು ಹೇಮಾ ಫ್ಯಾಕ್ಟರಿಯೊಂದರಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದಾಳೆ. ಓದಿದ್ದು ಟೀಚರಮ್ಮ ಪಾಠ ಹೇಳುತ್ತಿದ್ದ ಅದೇ ಹೈಸ್ಕೂಲಿನಲ್ಲಿ. ಒಂದು ಬೆಳಿಗ್ಗೆ ಮೊಬೈಲು ಹಿಡಿದುಕೊಂಡು ಬಂದಳು.

"ತಾತ, ಇಲ್ನೋಡು. ನಮ್ ಸ್ಕೂಲ್ ಗ್ರೂಪಲ್ಲಿ ಬಂದೈತೆ. ಹಳೇ ಬಿಲ್ಡಿಂಗ್ ಕೆಡವ್ತಾರಲ್ಲ, ಎಚ್ಚೆಮ್ ರೂಮಲ್ಲಿದ್ದ ಪೈಂಟಿಂಗನ್ನ ಬೆಂಗ್ಳೂರಿಂದ ಯಾರೋ ಬಂದು ನೋಡಿದ್ರಂತೆ. ಆ ಕಾಲಕ್ಕೇ ಈ ಊರಲ್ಲಿ ಅಬ್‌ಸ್ಟ್ರಾಕ್ಟ್ ಬರ್ದಿದ್ದಾರಾ ಅಂತ ಬಾಯ್ ಬಿಟ್ರಂತೆ. ಹೊಸ ಹಾಲಲ್ಲಿ ಹಾಕ್ತಾರೆ. 'ಬೆಂಕಿ' ಅಂತ ಹೆಸ್ರು ಇಟ್ಟೌರೆ. ಹಳೇ ಎಚ್ಚೆಮ್ ಬರ್ದಿದ್ದಂತೆ. ಕಲ್ಲಲ್ಲಿ ಅವ್ರ ಹೆಸ್ರು ಕೆತ್ತಿಸ್ತಾರಂತೆ, ಮುಂದಿನ್ ವಾರ."

ನಾನು ಹೊಸ ಕನ್ನಡಕ ಹಾಕಿಕೊಂಡು ನೋಡಿದೆ. ಅದೇ ಕೆಂಪು. ಅದೇ ಹಳದಿ ಚೌಕಗಳು. ಅವು ಕೆಳಗಿಳಿದು ಬಂದು ಫ್ರೇಮಿನ ಮರಕ್ಕೆ ಹಣೆ ಚಚ್ಚಿಕೊಂಡು ನಿಂತಿದ್ದವು. ಹೋಗಬೇಕಾದ ಜಾಗ ಅವಕ್ಕಿರಲಿಲ್ಲ.

"ಎಚ್ಚೆಮ್ ಅಲ್ಲಮ್ಮ ಬರ್ದಿದ್ದು. ಅದು ಪೂರ್ತಿನೂ ಇಲ್ಲ" ಎಂದೆ. ಎದ್ದು ಹೋಗಿ ದೇವರ ಗೂಡಿನಿಂದ ಲಕ್ಷ್ಮಿಯನ್ನು ಇಳಿಸಿದೆ.

ಸೊಸೆ ಅಡುಗೆಮನೆಯಿಂದಲೇ ಕೂಗಿದಳು. "ಅಯ್ಯೋ ಮಾವ! ಶುಕ್ರವಾರದ ದಿನ ಲಕ್ಷ್ಮೀನ ಕೆಳಗಿಳಿಸ್ತಾರಾ ಯಾರಾದ್ರೂ?"

"ಐವತ್ತು ವರ್ಸದ ಮೇಲಾತು ಕಣವ್ವ, ನಂದೇ ಒಂದು ಹೊರೇನ ಲಕ್ಷ್ಮಿಗೆ ಹೊರಿಸಿದ್ದೆ. ಇಳಿಸ್ಕೊಂತಾ ಇದೀನಿ" ಎಂದು ನನ್ನ ವಾಲಿದ ಮೊಳೆಗಳನ್ನು ಒಂದೊಂದಾಗಿ ಕಿತ್ತೆ. ಹಲಗೆ ಬಂತು. ಪಟ್ಟಿ ಬಂತು. ಮೈಲುತುತ್ತದ ಅಂಟು ಸುತ್ತಲೂ ಇದ್ದುದರಿಂದ ಒಂದು ಹುಳುವೂ ಮುಟ್ಟಿರಲಿಲ್ಲ. ಬೆಳಕು ಕಾಣದ ನೀಲಿ ನಿನ್ನೆ ಹಚ್ಚಿದಂತೆ ಇತ್ತು.

ಹೇಮಾಳ ಮುಂದೆ ಎಲ್ಲವನ್ನೂ ಹೇಳಿದೆ. ಅವಳು ಸಮಾಧಾನ ಹೇಳಲಿಲ್ಲ. "ಬಸ್‌ಸ್ಟಾಂಡಲ್ಲಾದ್ರೂ ಹೇಳ್ಬೋದಿತ್ತಲ್ಲ ತಾತ" ಎಂದಳು. ನನ್ನ ಮೇಲೆ ಅವಳಿಗೆ ಬೇಸರವಾದದ್ದು ಕಂಡಿತು. ಆಗಲೇಬೇಕಿತ್ತು. ಆದರೂ ಸೋಮವಾರ ರಜೆ ಹಾಕಿ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಶಾಲೆಗೆ ಕರೆದುಕೊಂಡು ಹೋದಳು.

ಈಗಿನ ಹೆಡ್‌ಮಿಸ್ಟ್ರೆಸ್ಸು ಸೇಲಂ ಕಡೆಯವರು, ಕನ್ನಡ ಇಲ್ಲೇ ಕಲಿತವರು. ನಾನು ಹೇಳಿದ್ದನ್ನು ಪೂರ್ತಿ ಕೇಳಿ, "ಇಷ್ಟು ವರ್ಷ ಯಾಕೆ ಹೇಳಿಲ್ಲ ಅಯ್ಯಾ? ಭಯಮಾ?" ಎಂದರು.

"ಭಯ ಅಲ್ಲಮ್ಮ. ನಾಚ್ಕೆ. ಭಯ ಆಗಿದ್ರೆ ಯಾವತ್ತೋ ಹೇಳ್ಬುಡ್ತಿದ್ದೆ."

"ನೀವು ಹೇಳೋದು ನಿಜ ಅಂತ ಹೇಗೆ ತಿಳ್ಕೊಳೋದು?"

ಸರಿಯಾದ ಪ್ರಶ್ನೆ. ಚಿತ್ರವನ್ನು ಮೇಜಿನ ಮೇಲೆ ಮಲಗಿಸಿ ನನ್ನ ಕೈಯಿಂದಲೇ ಹಳೆಯ ಫ್ರೇಮು ಬಿಚ್ಚಿದೆ. ಈ ಒಂದು ಕೆಲಸ ನನಗೆ ಗೊತ್ತು. ನೀಲಿ ಪಟ್ಟಿಯನ್ನು ಕೆಳಗಿಟ್ಟು ಮೆಲ್ಲನೆ ಮೇಲಕ್ಕೆ ಸರಿಸಿದೆ. ಎಡ ಮೂಲೆಯ ಕಚ್ಚು ಕಚ್ಚಿಗೆ ಕೂತಿತು. ಹಳದಿ ಚೌಕವೊಂದು ಚಾಕುವಿಗೆ ಸಿಕ್ಕಿ ಎರಡಾಗಿತ್ತೆಂದು ನನಗೇ ತಿಳಿದಿರಲಿಲ್ಲ. ಅದರ ಕೆಳಗಿನ ಅರ್ಧ ನೀಲಿಯೊಳಗಿತ್ತು. ಅದೂ ಕೂಡಿಕೊಂಡಿತು.

ಅಷ್ಟು ಕೆಂಪು ಒಮ್ಮೆಗೇ ಹಗುರವಾದಂತೆ ಕಂಡಿತು. ಆ ಚೌಕಗಳೆಲ್ಲ ಎಲ್ಲಿಗೆ ಇಳಿಯುತ್ತಿದ್ದವೆಂದು ಅವತ್ತು ನನಗೆ ತಿಳಿಯಿತು. ಜೀವಮಾನವೆಲ್ಲ ಪಟಗಳ ನಡುವೆ ಕಳೆದು, ಒಂದು ಚಿತ್ರವನ್ನು ನಾನು ನಿಜವಾಗಿ ನೋಡಿದ್ದು ಅದೇ ಮೊದಲು.

"ತಾತ, ಇದು ಬೆಂಕಿ ಅಲ್ಲ ಅಲ್ವಾ? ಏನಿದು?" ಎಂದಳು ಹೇಮಾ.

"ಏನೂ ಅಲ್ಲಮ್ಮ. ನೋಡೋದುಕ್ಕೆ."

ಹೆಡ್‌ಮಿಸ್ಟ್ರೆಸ್ಸು ಕಲ್ಲಿನವನಿಗೆ ಫೋನು ಮಾಡಿ ಕೆತ್ತನೆ ನಿಲ್ಲಿಸಿದರು. ಹೊಸ ಫ್ರೇಮನ್ನು ನಾನೇ ಕಟ್ಟಿಕೊಟ್ಟೆ. ದೊಡ್ಡ ಗಾಜು ತರಿಸಿದೆ. ಕತ್ತರಿಸಿದ ಗೆರೆ ಕಾಣದಂತೆ ಬಣ್ಣ ಹಚ್ಚಿಸೋಣವೇ ಎಂದು ಅವರು ಕೇಳಿದರು. ಬೇಡ, ಗೆರೆ ಕಾಣಲಿ ಎಂದೆ. ಅದು ನನ್ನ ಸಹಿ, ಅಲ್ಲೇ ಇರಲಿ. ಇನ್ನು ಕೆಳಗೆ ಕಲ್ಲು ಬೇಕಿಲ್ಲ. ಬರೆದವರ ಹೆಸರು ಚಿತ್ರದೊಳಗೇ ಇದೆ. ನೀಲಿಯಲ್ಲಿ, ಬಲಗಡೆ, ಬಿಳಿಯ ಸಣ್ಣ ಅಕ್ಷರ. ಹೊಸೂರಿಗೆ ಬಂದರೆ ಬಗ್ಗಿ ಓದಿ.

ನೀಲಿ ಇತ್ತು ಟೀಚರಮ್ಮ. ನೀವೇ ಹಾಕಿದ್ದಿರಿ. ನಾನು ಕತ್ತರಿಸಿದೆ.

ಬಾಗಲೂರು ಮು. ಅಮ್ಮಯಕ್ಕ.